ಜೋಳದ ಹೊಲದ ಜಾಗದಲ್ಲಿ ಮತಗಟ್ಟೆ

ನಾನು ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬಂದದ್ದು 2004ರಲ್ಲಿ. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಈ ಕೌಂಟಿಯಲ್ಲೂ ಇಡೀ ರಾಜ್ಯದಲ್ಲೂ ಗೆದ್ದದ್ದು ರಿಪಬ್ಲಿಕನ್ ಪಕ್ಷದ ಬುಷ್. ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷ ಇಲ್ಲಿ ಕೊನೆಯ ಸಲ ಗೆದ್ದದ್ದು 1964ರಲ್ಲಂತೆ. ನಾಲ್ಕೇ ವರ್ಷಕ್ಕೆ, 2008ರಲ್ಲಿ, ಆ ಪಕ್ಷದ ಒಬಾಮಾ ಎರಡೂ ಕಡೆ ಗೆದ್ದರು. ಆಮೇಲೆ ಅಧ್ಯಕ್ಷ ಚುನಾವಣೆಗಳಲ್ಲಿ ರಾಜ್ಯ ಆ ಪಕ್ಷವನ್ನು ಬಿಟ್ಟಿಲ್ಲ.

'ಅಲ್ಲಿನವರ ಮನಸ್ಸು ಹೇಗೆ ಬದಲಾಯ್ತು?' ಎಂದು ಊರಿಂದ ಅಣ್ಣ ಕೇಳುತ್ತಾನೆ. ಮನಸ್ಸಿಗಿಂತ ಜಾಸ್ತಿ ಬದಲಾದದ್ದು ಜನ. 1990ರಲ್ಲಿ ಲೌಡನ್‌ನಲ್ಲಿ ಇದ್ದವರು ಸುಮಾರು 86 ಸಾವಿರ. 2020ರಲ್ಲಿ 4 ಲಕ್ಷ 20 ಸಾವಿರ! ಕುದುರೆ ಸಾಕುತ್ತಿದ್ದ, ಮುಸುಕಿನ ಜೋಳ ಬೆಳೆಯುತ್ತಿದ್ದ ಜಾಗದಲ್ಲಿ ಸಾಲುಮನೆಗಳು, ಡೇಟಾ ಸೆಂಟರ್‌ಗಳು. ಪಕ್ಕದಲ್ಲೇ ಡಲಸ್ (Dulles) ವಿಮಾನ ನಿಲ್ದಾಣ, ವಾಷಿಂಗ್ಟನ್ನಿನ ಸರ್ಕಾರಿ ಕೆಲಸಗಳು. ಬೇರೆ ರಾಜ್ಯದವರು ಬಂದರು, ಕೊರಿಯಾದವರು, ಎಲ್ ಸಾಲ್ವಡಾರಿನವರು ಬಂದರು. ನಾವೂ ಬಂದೆವು.

ರಾಜ್ಯದ ಇನ್ನೊಂದು ತುದಿಯ ಕಥೆ ನನ್ನನ್ನು ಜಾಸ್ತಿ ಕಾಡುತ್ತದೆ. ನೈಋತ್ಯದ ಬ್ಯೂಕ್ಯಾನನ್ ಕೌಂಟಿ ಕಲ್ಲಿದ್ದಲಿನ ನಾಡು. 2004ರಲ್ಲಿ ಅಲ್ಲಿ ಗೆದ್ದದ್ದು ಡೆಮಾಕ್ರಟಿಕ್ ಪಕ್ಷದ ಕೆರಿ. 2020ರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ವೋಟು ಟ್ರಂಪ್‌ಗೆ. ಗಣಿ ಕೆಲಸ ಕುಗ್ಗಿತು, ಹುಡುಗರು ಊರು ಬಿಟ್ಟರು. ನಮ್ಮ ಮಲೆನಾಡಿನಲ್ಲೂ ವಯಸ್ಸಾದವರಷ್ಟೇ ಉಳಿದ ಮನೆಗಳಿವೆ, ಅಲ್ವಾ? ಅಂಥ ಊರಿನವರ ಸಿಟ್ಟನ್ನು ಸುಮ್ನೆ ತಳ್ಳಿಹಾಕಲು ನನಗೆ ಆಗುವುದಿಲ್ಲ.

ಹಾಗಂತ ವಲಸೆ ಬಂದವರು ಯಾವ ಪಕ್ಷದ ಸ್ವತ್ತೂ ಅಲ್ಲ. 2021ರ ಗವರ್ನರ್ ಚುನಾವಣೆಯ ಹೊತ್ತಿಗೆ ಇಲ್ಲಿ ಎಲ್ಲರ ಬಾಯಲ್ಲೂ ಶಾಲೆಗಳ ಪಾಠ, ನಿಯಮಗಳದೇ ಮಾತು. ಲೌಡನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಅಂತರ ಇಳಿಯಿತು, ರಿಪಬ್ಲಿಕನ್ ಪಕ್ಷದ ಯಂಗ್‌ಕಿನ್ ಗವರ್ನರ್ ಆದರು. 2024ರಲ್ಲಿ ಇದೇ ಭಾಗದಿಂದ ಡೆಮಾಕ್ರಟಿಕ್ ಪಕ್ಷದ ಸುಹಾಸ್ ಸುಬ್ರಮಣ್ಯಂ ಅಮೆರಿಕದ ಸಂಸತ್ತಿಗೆ ಆರಿಸಿ ಬಂದರು. ಅವರ ಹೆತ್ತವರ ಬೇರು ಬೆಂಗಳೂರಿನಲ್ಲಿದೆ.

ಬಂದು ನೆಲೆಸಿದವರೆಲ್ಲ ಮತದಾರರಲ್ಲ ಎಂಬುದನ್ನೂ ಹೇಳಬೇಕು. ಎಚ್-1ಬಿ ಎಂಬ ಕೆಲಸದ ವೀಸಾದವರಿಗೆ, ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇದ್ದವರಿಗೆ ಈ ಚುನಾವಣೆಗಳಲ್ಲಿ ವೋಟಿಲ್ಲ. ನಾನು 15 ವರ್ಷ ತೆರಿಗೆ ಕಟ್ಟುತ್ತಾ ಕಾದೆ. ಪೌರತ್ವ ಸಿಕ್ಕಿದಾಗ ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಬೇಕಾಯಿತು, ಊರಿನ ವೋಟೂ ಅದರ ಜೊತೆಗೇ ಹೋಯಿತು. ಅವತ್ತು ರಾತ್ರಿ ಅತ್ತಿದ್ದೇನೆ. 2019ರ ನವೆಂಬರಿನಲ್ಲಿ ಮಗಳ ಶಾಲೆಯಲ್ಲೇ ಮೊದಲ ವೋಟು ಹಾಕಿದೆ. ಇಲ್ಲಿ ಬೆರಳಿಗೆ ಶಾಯಿ ಹಚ್ಚುವುದಿಲ್ಲ, ಒಂದು ಸ್ಟಿಕ್ಕರ್ ಕೊಡುತ್ತಾರೆ. ಅದನ್ನು ಅಂಟಿಸಿಕೊಂಡು ಅಮ್ಮನಿಗೆ ವೀಡಿಯೊ ಕಾಲ್ ಮಾಡಿದೆ. ಅವಳು ಮೊದಲು ನೋಡಿದ್ದು ನನ್ನ ಬೆರಳನ್ನು.