ಟೆಚಿಮಾನ್ ಗೋದಾಮಿನಲ್ಲಿ 320 ಮೂಟೆ

ಟೆಚಿಮಾನ್‌ನ ಗೋದಾಮಿನ ಮುಂದೆ ಲಾರಿ ನಿಂತಾಗ ಬೆಳಿಗ್ಗೆ ಆರೂವರೆ. 320 ಮೂಟೆ ಗೇರುಬೀಜ, ಮೂಟೆಗೆ 80 ಕೆಜಿ. ಘಾನಾದಿಂದ ನಾನು ಕಳಿಸಬೇಕಿದ್ದ ಮೊದಲ ಕಂಟೇನರಿನ ಸರಕು ಅದು. ಹಿಂದಿನ ರಾತ್ರಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ದ ಸದ್ದಿಗೇ ನನ್ನ ಎದೆ ಧಸಕ್ಕೆಂದಿತ್ತು.

ಅದು 2019ರ ಮಾರ್ಚ್. ಟೆಚಿಮಾನ್ ಆಗಷ್ಟೇ ಬೊನೊ ಈಸ್ಟ್ ಎಂಬ ಹೊಸ ಪ್ರಾಂತ್ಯದ ರಾಜಧಾನಿಯಾಗಿತ್ತು. ಜನರ ಬಾಯಲ್ಲಿ ಇನ್ನೂ ಹಳೆಯ ಬ್ರಾಂಗ್ ಅಹಾಫೊ ಹೆಸರೇ. ಅಲ್ಲಿಂದ ವೆಂಚಿ, ಸಂಪಾ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಗೇರು ತೋಟಗಳು ಸಿಗುತ್ತವೆ. ಕೊಳೆತ ಹಣ್ಣಿನ ಆ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಪುತ್ತೂರಿನ ಗುಡ್ಡ ಕಣ್ಣ ಮುಂದೆ ಬರುತ್ತಿತ್ತು.

ಅಮ್ಮ ಹದಿನೆಂಟು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದವರು. ಸೊನೆ ತಾಗಿ ಅವರ ಬೆರಳ ತುದಿ ಯಾವಾಗಲೂ ಕಪ್ಪಾಗಿರುತ್ತಿತ್ತು. "ಇವತ್ತು ಆಫ್ರಿಕಾ ಬೀಜ" ಎಂದು ಸಂಜೆ ಬಂದು ಹೇಳುತ್ತಿದ್ದರು. ನಮ್ಮ ದೇಶದ ಫ್ಯಾಕ್ಟರಿಗಳಿಗೆ ಬೇಕಾದ ಹಸಿಬೀಜದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು, ಅದರಲ್ಲಿ ದೊಡ್ಡ ಪಾಲು ಆಫ್ರಿಕಾದ್ದು. ಆ ಬೀಜ ಬರುವ ಊರು ಹೇಗಿರಬಹುದು ಎಂಬ ಕುತೂಹಲ ನನ್ನನ್ನು ಚಿಕ್ಕಂದಿನಿಂದಲೂ ಬಿಟ್ಟಿರಲಿಲ್ಲ. ಆಕ್ರಾದಲ್ಲಿ ಐದು ವರ್ಷ ಲೆಕ್ಕಪತ್ರದ ಕೆಲಸ ಮಾಡಿ, ಕೂಡಿಟ್ಟ ದುಡ್ಡಿನಲ್ಲಿ ಅಲ್ಲಿನ ಗೆಳೆಯನೊಬ್ಬನ ಜೊತೆ ರಫ್ತಿಗೆ ಇಳಿದೆ. ಕಂಪನಿ ನೋಂದಣಿ, ಟ್ಯಾಕ್ಸ್ ನಂಬರ್, ರಫ್ತು ಪ್ರಾಧಿಕಾರದ ಕಾಗದ, ಗಿಡರೋಗ ತಪಾಸಣೆಯ ಸರ್ಟಿಫಿಕೇಟ್. ಇವಕ್ಕೆಲ್ಲ ಓಡಾಟ ಬೇಕು, ಆದರೆ ಎಂದಾದರೂ ಒಂದು ದಿನ ಮುಗಿಯುತ್ತವೆ. ಬೀಜದ ಕಥೆ ಹಾಗಲ್ಲ.

ಅಲ್ಲಲ್ಲಿ ಮೂಟೆ ಬಿಚ್ಚಿ ಮೇಲಿನದ್ದು, ನಡುವಿನದ್ದು, ತಳದ್ದು ಅಂತ ಬೀಜ ತೆಗೆದು ಕಲಸಿದೆವು. ಅದರಿಂದ ಒಂದು ಕೆಜಿ ತೂಗಿ ಎಣಿಸಿದರೆ 194 ಬೀಜ. ಇನ್ನೂರರ ಒಳಗಿದ್ದರೆ ಗಾತ್ರ ಒಳ್ಳೆಯದು. ಗೋದಾಮಿನ ಹುಡುಗಿಯೊಬ್ಬಳು ಒಂದೊಂದನ್ನೂ ಕತ್ತಿಯಲ್ಲಿ ಸೀಳುತ್ತಾ ಹೋದಳು. ಒಳ್ಳೆಯ ತಿರುಳು ಒಂದು ಕಡೆ, ಚುಕ್ಕೆ ಬಿದ್ದದ್ದು ಒಂದು ಕಡೆ, ಎಳಸು, ಜೊಳ್ಳು, ಹುಳ ಹಿಡಿದದ್ದು ಬೇರೆ. ಒಳ್ಳೆಯದು 262 ಗ್ರಾಂ, ಚುಕ್ಕೆಯದ್ದು 16 ಗ್ರಾಂ. ಚುಕ್ಕೆಯದ್ದರಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ. ಒಂದು ಮೂಟೆಯಲ್ಲಿ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬುದೇ ಈ ವ್ಯಾಪಾರದ ಅಳತೆ, ಔಟ್‌ಟರ್ನ್ ಎನ್ನುತ್ತಾರೆ. ನಮ್ಮದು 47.6 ಬಂತು. ಮಂಗಳೂರಿನ ಖರೀದಿದಾರರಿಗೆ ಒಪ್ಪಿಕೊಂಡದ್ದು 47. ನಾನೂ ಗೆಳೆಯನೂ ಮಕ್ಕಳ ಹಾಗೆ ಕೈ ಕೈ ತಟ್ಟಿಕೊಂಡೆವು.

ಆಮೇಲೆ ತೇವದ ಮೀಟರ್ ಹಿಡಿದೆವು. ಶೇಕಡಾ 11.5. ಬೇರೆ ಮೂಟೆಯದ್ದು ಹಾಕಿದೆ, ಮತ್ತೆ ಅಷ್ಟೇ. ಕರಾರಿನಲ್ಲಿ ಹತ್ತು ದಾಟುವ ಹಾಗಿಲ್ಲ. ನೆಮ್ಮದಿಯಾಗಿ ಕಳಿಸಬೇಕೆಂದರೆ ಎಂಟು, ಒಂಬತ್ತರ ನಡುವೆ ಇರಬೇಕು. ಬೀಜಕ್ಕೆ ಉಗುರು ಒತ್ತಿ ನೋಡಿದೆ, ಗುರುತು ಬಿತ್ತು. ಹಳ್ಳಿಗಳಿಂದ ಕೊಂಡು ತಂದ ದಲ್ಲಾಳಿ ಮೂರು ದಿನ ಬಿಸಿಲಿಗೆ ಹಾಕಿದ್ದೇನೆ ಎಂದಿದ್ದರು. ಹಾಕಿರಲಿಲ್ಲ. ಮೀಟರ್ ಹಿಡಿದು ಹಳ್ಳಿಗೇ ಹೋಗದೆ, ಮಾತು ನಂಬಿ ಹಣ ಕೊಟ್ಟದ್ದು ನನ್ನ ತಪ್ಪು. ಅಲ್ಲೇ ಪೆನ್ನು ತೆಗೆದು ಲೆಕ್ಕ ಹಾಕಿದೆ. ಒಣಗಿಸಿದರೆ ಸುಮಾರು 840 ಕೆಜಿ ತೂಕ ಹೋಗುತ್ತದೆ. ಹತ್ತು ಮೂಟೆಗಿಂತ ಜಾಸ್ತಿ ನೀರಿಗೆ ನಾನು ಬೀಜದ ಬೆಲೆ ಕೊಟ್ಟಿದ್ದೆ.

ಟೆಮಾ ಬಂದರಿನಲ್ಲಿ ಹಡಗಿನ ಬುಕಿಂಗ್ ಇದ್ದದ್ದು ನಾಲ್ಕು ದಿನ ಬಿಟ್ಟು. ಆ ವರ್ಷ ಬೇರೆ ಬೆಲೆ ಇಳಿಯುತ್ತಲೇ ಇತ್ತು. "ಹೀಗೇ ತುಂಬಿಸೋಣ, ತುಂಬಾ ಜನ ಕಳಿಸುತ್ತಾರೆ" ಎಂದ ಗೆಳೆಯ. ಅವನ ದುಡ್ಡೂ ಇದರಲ್ಲಿತ್ತು, ಅವನ ಭಯ ನನಗೆ ಅರ್ಥವಾಗುತ್ತಿತ್ತು. ಆದರೆ ಸಮುದ್ರದಲ್ಲಿ ತಿಂಗಳಿಗಿಂತ ಹೆಚ್ಚಿನ ಪ್ರಯಾಣ. ಹಗಲು ಕಾದ ಪೆಟ್ಟಿಗೆಯೊಳಗೆ ಬೀಜದ ತೇವ ಆವಿಯಾಗಿ ಏಳುತ್ತದೆ. ರಾತ್ರಿ ತಣ್ಣಗಾದ ತಗಡಿಗೆ ತಾಗಿ ಹನಿ ಹನಿಯಾಗಿ ಮೂಟೆ ಮೇಲೆ ಬೀಳುತ್ತದೆ. ಊರು ಮುಟ್ಟುವಾಗ ಬೂಸ್ಟು.

ಅಂಥ ಬೀಜ ಬಂದ ವಾರ ನಮ್ಮ ಮನೆಯಲ್ಲಿ ಏನಾಗುತ್ತಿತ್ತು ಎಂದು ನನಗೆ ಗೊತ್ತು. ಅಮ್ಮನಿಗೆ ಕೂಲಿ ದಿನದ ಲೆಕ್ಕದಲ್ಲಿ ಅಲ್ಲ, ಸುಲಿದ ಒಳ್ಳೆಯ ತಿರುಳಿನ ತೂಕಕ್ಕೆ. ಕಪ್ಪಾದದ್ದು, ಹುಡಿಯಾದದ್ದು ತೂಕಕ್ಕೆ ಬರುತ್ತಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಅಷ್ಟೇ ಹೊತ್ತು ಕೂತು, ಅಷ್ಟೇ ಬೀಜ ಸುಲಿದು, ಶನಿವಾರ ಕಡಿಮೆ ದುಡ್ಡು ಹಿಡಿದು ಬರುತ್ತಿದ್ದರು. ಅಂಗಡಿಯ ಸಾಲದ ಪುಸ್ತಕದಲ್ಲಿ ಇನ್ನೊಂದು ಸಾಲು ಏರುತ್ತಿತ್ತು.

"ಸುರಿಯಿರಿ" ಎಂದೆ.

ಸಿಮೆಂಟ್ ಕಣದ ತುಂಬ ಬೀಜ ಹರಡಿದೆವು. ಒಂಬತ್ತು ಹೆಂಗಸರು ಸಾಲಾಗಿ ನಿಂತು ಬಿಸಿಲೇರುವ ತನಕವೂ ಏರಿದ ಮೇಲೂ ಕೈಯಾಡಿಸುತ್ತಲೇ ಇದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಮೂಡಣದಲ್ಲಿ ಮೋಡ ಕವಿಯಿತು. ಯಾರೋ ಕೂಗಿದರು. ಅಂಗಳದಲ್ಲಿ ಅಡಿಕೆ ಹಾಕಿದಾಗ ಮಳೆ ಬಂದರೆ ನಮ್ಮೂರಲ್ಲಿ ಮನೆಮಂದಿಯೆಲ್ಲ ಹೇಗೆ ಓಡುತ್ತಾರೋ, ಥೇಟ್ ಹಾಗೇ ಓಡಿದೆವು. ಟಾರ್ಪಾಲಿನ ಒಂದು ಮೂಲೆ ನನ್ನ ಕೈಯಲ್ಲಿ, ಇನ್ನೊಂದು ಗೆಳೆಯನ ಕೈಯಲ್ಲಿ. ಅವನ ಮುಖದಲ್ಲಿ ಬೆಳಗಿನ ಸಿಟ್ಟು ಇರಲಿಲ್ಲ.

ಪೂರ್ತಿ ಒಣಗಲು ನಾಲ್ಕು ದಿನ ಹಿಡಿಯಿತು. ಹಡಗು ತಪ್ಪಿತು, ಮುಂದಿನದಕ್ಕೆ ಒಂದು ವಾರ ಕಾದೆವು. ಕೊನೆಯ ದಿನ ಅವರಲ್ಲಿ ಹಿರಿಯ ಹೆಂಗಸೊಬ್ಬರು ಬೊಗಸೆ ತುಂಬ ಬೀಜ ಎತ್ತಿ ರಾಶಿಗೆ ಸುರಿದು, ಕಿವಿಗೊಟ್ಟು, ಸಾಕು ಎಂಬಂತೆ ತಲೆಯಾಡಿಸಿದರು. ಮೀಟರ್ 8.5 ತೋರಿಸಿತು.

ಆ ಮೊದಲ ದಿನದ ರಾತ್ರಿಯೇ ಅಮ್ಮನಿಗೆ ಫೋಟೋಗಳನ್ನು ಕಳಿಸಿದ್ದೆ. ಲಾರಿ, ಮೂಟೆ, ಕಣ, ಬೀಜ ಸೀಳುವ ಹುಡುಗಿ. ಅಮ್ಮ ಫೋನ್ ಮಾಡಿದರು. ಲಾಭ, ನಷ್ಟ ಏನೂ ಕೇಳಲಿಲ್ಲ.

"ಆ ಹುಡುಗಿ ಬರಿಗೈಯಲ್ಲಿ ಬೀಜ ಹಿಡಿದಿದ್ದಾಳಲ್ಲ, ಹಚ್ಚಿಕೊಳ್ಳಲು ಎಣ್ಣೆ ಕೊಟ್ಟಿದ್ದೀಯಾ?"

ಕೊಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಟೆಚಿಮಾನ್ ಮಾರ್ಕೆಟ್ಟಿನಿಂದ ಒಂದು ಡಬ್ಬಿ ಶಿಯಾ ಮರದ ಬೀಜದ ಬೆಣ್ಣೆಯನ್ನೂ ಎರಡು ಜೊತೆ ಗ್ಲೌಸನ್ನೂ ತಂದು ಅವಳ ಮೇಜಿನ ಮೇಲೆ ಇಟ್ಟೆ.