ಐಸ್ ಮೇಲೆ ಓಡುವ ಮಕ್ಕಳಿಗೆ ಮಳೆಗಾಲದಲ್ಲೇ ಪರೀಕ್ಷೆ ತಯಾರಿ

ಕಾರವಾರದಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವುದು ನನ್ನ ಕೆಲಸ. ಇಲ್ಲಿ ಐಸ್ ಅಂದರೆ ಮೀನಿಗೆ ಹಾಕುವ ಐಸ್ ಮಾತ್ರ! ಹಾಗಾಗಿ ಮೊದಲು ಚಕ್ರದ ಮೇಲೆ ಕಲಿಯುತ್ತಾರೆ, ಆಸೆ ಇದ್ದವರು ಆಮೇಲೆ ಐಸ್‌ಗೆ ಹೋಗುತ್ತಾರೆ. ಚಕ್ರಗಳೆಲ್ಲ ಒಂದೇ ಸಾಲಿನಲ್ಲಿರುವ ಇನ್‌ಲೈನ್ ಸ್ಕೇಟಿನಲ್ಲಿ ಪಕ್ಕಕ್ಕೆ ತಳ್ಳಿ ರೂಢಿಯಾದವರಿಗೆ ಐಸ್ ಮೇಲೆ ಓಡುವುದು ಬೇಗ ಬರುತ್ತದೆ. ನಿಲ್ಲುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು.

ಪಾಲಕರು ಕೇಳುವ ಪ್ರಶ್ನೆ ಒಂದೇ. "ಸರ್, ದಿನಕ್ಕೆ ಎಷ್ಟು ತಾಸು ಓದು, ಎಷ್ಟು ತಾಸು ಪ್ರಾಕ್ಟೀಸ್?" ನಾನು ತಾಸಿನ ಲೆಕ್ಕ ಹಾಕುವುದಿಲ್ಲ, ವರ್ಷದ ಲೆಕ್ಕ ಹಾಕುತ್ತೇನೆ.

ಯಾಕೆ ಅಂತೀರಾ? ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಸ್ಕೇಟಿಂಗ್ ಲೇಹ್‌ನಲ್ಲಿ ನಡೆಯುತ್ತದೆ. 2024ರಲ್ಲಿ ಫೆಬ್ರವರಿ ಮೊದಲ ವಾರ, 2025ರಲ್ಲಿ ಜನವರಿ ಕೊನೆಯ ವಾರ. ಸರಿಯಾಗಿ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತು. ನೌಕಾನೆಲೆಯ ಮಕ್ಕಳದು ಸಿಬಿಎಸ್‌ಇ. ಅವರಿಗೆ ಫೆಬ್ರವರಿ ಮಧ್ಯದಲ್ಲೇ ಬೋರ್ಡ್ ಪರೀಕ್ಷೆ. ಕಾರವಾರದಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿಗೇ ಒಂದೂವರೆ ದಿನ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಸಮುದ್ರದ ದಂಡೆಯ ಮಕ್ಕಳು ಅಲ್ಲಿ ಇಳಿದ ಮೇಲೆ ಎರಡು ದಿನವಾದರೂ ಸುಮ್ನೆ ಕೂರಬೇಕು, ಇಲ್ಲದಿದ್ದರೆ ತಲೆನೋವು, ವಾಂತಿ. ಐದು ದಿನದ ಕೂಟಕ್ಕೆ ಹತ್ತು-ಹನ್ನೆರಡು ದಿನ ಶಾಲೆ ತಪ್ಪುತ್ತದೆ. ದಿನಕ್ಕೆ ಅರ್ಧ ತಾಸು ಜಾಸ್ತಿ ಓದಿಸಿ ಇದನ್ನು ತುಂಬಿಸಲು ಆಗುವುದಿಲ್ಲ.

ಅದಕ್ಕೆ ನಾನು ಮಳೆಗಾಲವನ್ನು ಹಿಡಿದುಕೊಂಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಹೊರಗಿನ ಟ್ರ್ಯಾಕ್ ಹೇಗೂ ಒದ್ದೆ. ಬೇರಿಂಗ್‌ಗೆ ತುಕ್ಕು ಬೇರೆ. ಆಗ ಒಳಗೆ ಸ್ಲೈಡ್ ಬೋರ್ಡ್ ಹಾಕುತ್ತೇವೆ. ನುಣುಪಾದ ಉದ್ದ ಹಲಗೆ, ಎರಡೂ ತುದಿಗೆ ಮರದ ಪಟ್ಟಿ. ಶೂ ಮೇಲೆ ಕಾಲುಚೀಲ ಏರಿಸಿ, ಮೊಣಕಾಲು ಬಗ್ಗಿಸಿ, ಈ ತುದಿಯಿಂದ ಆ ತುದಿಗೆ ಜಾರುವುದು. ಒಂದು ನಿಮಿಷ ಜಾರಿದರೆ ತೊಡೆ ಉರಿಯುತ್ತದೆ. ಮಕ್ಕಳನ್ನು ಜೋಡಿ ಮಾಡಿದ್ದೇನೆ. ಒಬ್ಬಳು ಹಲಗೆ ಮೇಲೆ, ಇನ್ನೊಬ್ಬಳು ಪಕ್ಕದಲ್ಲಿ ವಿಜ್ಞಾನದ ಪುಸ್ತಕ ಹಿಡಿದು. ಇಳಿದವಳು ಏದುಸಿರು ಬಿಡುತ್ತಲೇ ಉತ್ತರ ಹೇಳಬೇಕು. "ಪೀನ ದರ್ಪಣ ಎಲ್ಲಿ ಬಳಸ್ತಾರೆ?" "ಗಾಡಿ ಕನ್ನಡೀಲಿ... ತಡಿಯೇ, ನೀರು ಕೊಡು." ಬಾಯಿಪಾಠದ ವಿಷಯಕ್ಕೆ ಮಾತ್ರ ಇದು. ಗಣಿತಕ್ಕೆ ಮನೆಯ ಮೇಜೇ ಆಗಬೇಕು.

ಮಳೆ ರಜೆಯ ದಿನ ನಾನು ಹೆಚ್ಚುವರಿ ಪ್ರಾಕ್ಟೀಸ್ ಇಡುವುದಿಲ್ಲ. ಜಿಲ್ಲಾಧಿಕಾರಿ ಕೊಟ್ಟ ರಜೆಯನ್ನು ಶಾಲೆಯವರು ಮುಂದೆ ಶನಿವಾರ ಮಧ್ಯಾಹ್ನ ವಸೂಲಿ ಮಾಡುತ್ತಾರಲ್ಲ, ಆಗ ನಮ್ಮ ಶನಿವಾರ ಹೋಗುತ್ತದೆ. ರಜೆಯ ದಿನ ಮುಂದಿನ ಪಾಠ ಓದಿ ಮುಗಿಸಲಿ. ದೀಪಾವಳಿ ಹೊತ್ತಿಗೆ ಸಿಲೆಬಸ್ ಮುಕ್ಕಾಲು ಮುಗಿದಿದ್ದರೆ ಜನವರಿಯಲ್ಲಿ ಹೆದರಿಕೆ ಇಲ್ಲ.

ಬೆಳಗಿನ ಐದು ಗಂಟೆಯ ಪ್ರಾಕ್ಟೀಸನ್ನು ಹತ್ತನೇ ತರಗತಿಯವರಿಗೆ ನಾನು ಕೊಡುವುದೇ ಇಲ್ಲ. ಕೆಲವು ಅಪ್ಪಂದಿರಿಗೆ ಸಿಟ್ಟು. ಇರಲಿ. ಶಾರ್ಟ್ ಟ್ರ್ಯಾಕ್ ಅಂದರೆ ಚಿಕ್ಕ ಸುತ್ತಿನಲ್ಲಿ ಎಲ್ಲರೂ ಒಟ್ಟಿಗೆ ಓಡುವ ಐಸ್ ರೇಸ್. ಅದರ ಒಂದು ಸುತ್ತು ಬರೀ 111 ಮೀಟರ್, ಅದರಲ್ಲಿ ಅರ್ಧ ತಿರುವೇ. ನಿದ್ದೆಗೆಟ್ಟ ಮಗು ಅಲ್ಲಿ ಬೀಳುತ್ತದೆ, ಪಕ್ಕದವರನ್ನೂ ಬೀಳಿಸುತ್ತದೆ.

"ಈಗ ಬಿಟ್ಟರೆ ವಯಸ್ಸು ಮೀರುತ್ತದೆ" ಎನ್ನುವವರಿಗೂ ಒಂದು ಮಾತು. ಫಿಗರ್ ಸ್ಕೇಟಿಂಗ್‌ನಲ್ಲಿ, ಅಂದರೆ ಸಂಗೀತಕ್ಕೆ ತಕ್ಕಂತೆ ಐಸ್ ಮೇಲೆ ಜಿಗಿದು ತಿರುಗುವ ಆಟದಲ್ಲಿ, ಸೀನಿಯರ್ ವಿಭಾಗಕ್ಕೆ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಲು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2022ರಲ್ಲಿ ತೀರ್ಮಾನಿಸಿತು. ಅಮೆರಿಕದ ನೇಥನ್ ಚೆನ್ 2019ರಲ್ಲಿ ವಿಶ್ವ ಚಾಂಪಿಯನ್ ಆದಾಗ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. ಬೀಜಿಂಗ್ ಒಲಿಂಪಿಕ್ಸ್‌ಗೆ ತಯಾರಾಗಲು ಓದಿಗೆ ಬಿಡುವು ಕೊಟ್ಟ, 2022ರಲ್ಲಿ ಚಿನ್ನ ಗೆದ್ದ, ಮತ್ತೆ ಕಾಲೇಜಿಗೆ ಹೋಗಿ ಪದವಿ ಮುಗಿಸಿದ. ಹತ್ತನೇ ತರಗತಿಯಲ್ಲೇ ಎಲ್ಲ ಆಗಬೇಕೆಂಬ ಆತುರ ನಮಗ್ಯಾಕೆ ಅಲ್ವಾ?

ಇನ್ನು ಶಾಲೆಗೆ ಬರೆಯುವ ಪತ್ರ. ಸಿಬಿಎಸ್‌ಇ 75% ಹಾಜರಾತಿ ಕೇಳುತ್ತದೆ. ರಾಷ್ಟ್ರಮಟ್ಟದ ಕ್ರೀಡೆಗೆ ಹೋದವರಿಗೆ ವಿನಾಯಿತಿ ಇದೆ, ಆದರೆ ದಾಖಲೆ ಬೇಕು. ಕೂಟ ಮುಗಿಸಿ ಬಂದು ಸರ್ಟಿಫಿಕೇಟ್ ತೋರಿಸಿದರೆ ಮೇಷ್ಟ್ರಿಗೆ ಮುನಿಸು ಬರುವುದು ಸಹಜ. ಆಗಸ್ಟ್‌ನಲ್ಲೇ ಮುಖ್ಯೋಪಾಧ್ಯಾಯರಿಗೆ ಬರೆದುಕೊಡಿ. ಯಾವ ತಿಂಗಳು ಎಷ್ಟು ದಿನ ಇರುವುದಿಲ್ಲ, ಆ ದಿನಗಳಲ್ಲಿ ಯಾವ ಪಾಠ ಬರುತ್ತದೆ, ಎಲ್ಲ ಕೇಳಿಕೊಳ್ಳಿ. ರೈಲಿನ ಟಿಕೆಟ್ ಈಗ 60 ದಿನ ಮೊದಲು ಸಿಗುತ್ತದೆ. ಆ ಪಾಠಗಳ ಪಟ್ಟಿಗೆ ಕ್ಲಾಸ್ ಟೀಚರ್ ಸಹಿ ಬಿದ್ದ ಮೇಲೆಯೇ ನಾನು ಬುಕ್ ಮಾಡುವುದು.