ಐಡಲ್ ಎಂದು ಕಂಡ ಸೆಷನ್‌ನಲ್ಲಿ ಓಡುತ್ತಿದ್ದ ಕೆಲಸ

ಹಲವರು ಒಟ್ಟಿಗೆ ಬಳಸುವ ಲಿನಕ್ಸ್ ಸರ್ವರ್ ಒಂದರಲ್ಲಿ ಹಳೆಯ ಸೆಷನ್‌ಗಳನ್ನು ತೆಗೆದುಹಾಕಲು ಒಂದು ಸಂಜೆ ಕುಳಿತಿದ್ದೆ. ಯಾರು ಲಾಗಿನ್ ಆಗಿದ್ದಾರೆಂದು ತೋರಿಸುವ ‘ಡಬ್ಲ್ಯೂ’ ಕಮಾಂಡ್ ಕೊಟ್ಟಾಗ ಪಿಟಿಎಸ್/3 ಎಂಬ ಟರ್ಮಿನಲ್‌ನ ಸಾಲಿನಲ್ಲಿ ಐಡಲ್ (ಸುಮ್ಮನಿದ್ದ) ಸಮಯ 2 ದಿನ ಎಂದೂ, ಓಡುತ್ತಿರುವ ಪ್ರೋಗ್ರಾಂ ಬರೀ ಬ್ಯಾಶ್ (ಕಮಾಂಡ್‌ಗಳನ್ನು ಸ್ವೀಕರಿಸುವ ಶೆಲ್) ಎಂದೂ ಇತ್ತು. ಯಾರೋ ಲಾಗೌಟ್ ಆಗಲು ಮರೆತಿದ್ದಾರೆಂದು ಭಾವಿಸಿ, ‘ಪಿಕಿಲ್’ ಕಮಾಂಡ್ ಬಳಸಿ ಆ ಟರ್ಮಿನಲ್‌ಗೆ ಸೇರಿದ ಎಲ್ಲ ಪ್ರೊಸೆಸ್‌ಗಳಿಗೂ ಬಲವಂತವಾಗಿ ಕೊಲ್ಲುವ 9ನೇ ಸಿಗ್ನಲ್ ಕಳಿಸಿಬಿಟ್ಟೆ. ಮರುದಿನ ಸಹೋದ್ಯೋಗಿಯೊಬ್ಬರು ಬಂದು, “ಬ್ಯಾಕ್‌ಗ್ರೌಂಡ್‌ನಲ್ಲಿ ಬಿಟ್ಟಿದ್ದ ಡೇಟಾಬೇಸ್ ಬ್ಯಾಕಪ್ ಅರ್ಧಕ್ಕೇ ನಿಂತಿದೆ, ಸ್ವಲ್ಪ ನೋಡ್ತೀರಾ?” ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ, ಅವರ ಎರಡು ದಿನದ ಕೆಲಸವನ್ನು ಕೊಂದದ್ದು ನಾನೇ.

ಐಡಲ್ ಎಂಬ ಅಂಕಣ ಹೇಳುವುದು ಆ ಟರ್ಮಿನಲ್‌ನಲ್ಲಿ ಕೀಲಿ ಒತ್ತಿ ಎಷ್ಟು ಹೊತ್ತಾಯಿತು ಎಂಬುದನ್ನಷ್ಟೇ. ಒಳಗೆ ಕೆಲಸ ನಡೆಯುತ್ತಿದೆಯೇ ಎಂಬುದು ಅದಕ್ಕೆ ತಿಳಿಯದು. ಅದರ ಪಕ್ಕದಲ್ಲೇ ಇರುವ ಜೆಸಿಪಿಯು ಅಂಕಣವು ಆ ಟರ್ಮಿನಲ್‌ಗೆ ಅಂಟಿಕೊಂಡ ಎಲ್ಲ ಪ್ರೊಸೆಸ್‌ಗಳು, ಅಂದರೆ ಬ್ಯಾಕ್‌ಗ್ರೌಂಡ್‌ನಲ್ಲಿ ಇನ್ನೂ ಓಡುತ್ತಿರುವವೂ ಸೇರಿ, ಬಳಸಿದ ಸಿಪಿಯು ಸಮಯವನ್ನು ತೋರಿಸುತ್ತದೆ. ಅದನ್ನು ಒಮ್ಮೆ ನೋಡಿದ್ದರೂ ಸಾಕಿತ್ತು. 9ನೇ ಸಿಗ್ನಲನ್ನು ಯಾವ ಪ್ರೋಗ್ರಾಮೂ ತಡೆಹಿಡಿಯಲಾರದಾದ್ದರಿಂದ, ತೆರೆದ ಫೈಲ್‌ಗಳನ್ನು ಸರಿಯಾಗಿ ಮುಚ್ಚುವುದಕ್ಕೂ ತಾತ್ಕಾಲಿಕ ಫೈಲ್‌ಗಳನ್ನು ಅಳಿಸುವುದಕ್ಕೂ ಆ ಬ್ಯಾಕಪ್‌ಗೆ ಅವಕಾಶವೇ ಸಿಗಲಿಲ್ಲ.

ಈಗ ಯಾವ ಸೆಷನ್ ಮುಚ್ಚುವ ಮೊದಲೂ ಪ್ರೊಸೆಸ್‌ಗಳ ಪಟ್ಟಿ ಕೊಡುವ ‘ಪಿಎಸ್’ ಕಮಾಂಡಿಗೆ ಆ ಟರ್ಮಿನಲ್‌ನ ಹೆಸರು ಕೊಟ್ಟು ಅಲ್ಲಿರುವುದನ್ನೆಲ್ಲ ಓದುತ್ತೇನೆ, ಬಳಕೆದಾರರನ್ನು ಕೇಳುತ್ತೇನೆ, ನಂತರ ತಾನಾಗಿ ಮುಗಿಸಿಕೊಳ್ಳಲು ಕೇಳುವ 15ನೇ ಸಿಗ್ನಲ್ ಕಳಿಸಿ ಕಾಯುತ್ತೇನೆ. 9ನೆಯದು ಬೇಕಾಗುವುದು ಅಪರೂಪ. ಸೆಷನ್ ತಾನಾಗಿ ಮುಚ್ಚಬೇಕೆಂದರೆ ಬ್ಯಾಶ್‌ನ ಟಿಎಂಔಟ್ ಎಂಬ ಸೆಟ್ಟಿಂಗ್ ಉಪಯುಕ್ತ. ಪ್ರಾಂಪ್ಟ್ ಮುಂದೆ ಶೆಲ್ ಸುಮ್ಮನೆ ಕಾಯುವ ಸೆಕೆಂಡುಗಳನ್ನು ಮಾತ್ರ ಅದು ಎಣಿಸುತ್ತದೆ, ಕಮಾಂಡ್ ಎದುರಿಗೇ ಓಡುತ್ತಿದ್ದರೆ ಮುಟ್ಟುವುದಿಲ್ಲ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಕ್ಲೈಂಟ್ ಅಲೈವ್ ಇಂಟರ್ವಲ್ ಎಂಬ ಸೆಟ್ಟಿಂಗನ್ನು ಇದೇ ಕೆಲಸಕ್ಕೆಂದು ಹಲವರು ಹಾಕುತ್ತಾರೆ. ಅದು ಹಿಡಿಯುವುದು ಕಡಿದುಹೋದ ಸಂಪರ್ಕವನ್ನೇ ಹೊರತು ಸುಮ್ಮನಿರುವ ಬಳಕೆದಾರರನ್ನಲ್ಲ.

ದೀರ್ಘ ಕೆಲಸಗಳನ್ನು, ಸಂಪರ್ಕ ಕಡಿದರೂ ಸೆಷನ್ ಉಳಿಸಿಕೊಳ್ಳುವ ಟೀಮಕ್ಸ್ ಒಳಗೆ ಓಡಿಸಿ ಎಂದು ಆ ಸಹೋದ್ಯೋಗಿಗೆ ಹೇಳಿದೆ. ಆದರೆ ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿಯ 2016ರ 230ನೇ ಆವೃತ್ತಿಯಿಂದ, ಲಾಗೌಟ್ ಆದೊಡನೆ ಬಳಕೆದಾರರ ಉಳಿದ ಪ್ರೊಸೆಸ್‌ಗಳನ್ನೂ ಕೊಲ್ಲುವ ಸೆಟ್ಟಿಂಗ್ ಮೂಲದಲ್ಲೇ ಆನ್ ಆಗಿ ಬರುತ್ತದೆ. ಹಲವು ಲಿನಕ್ಸ್ ವಿತರಣೆಗಳು ಅದನ್ನು ಆಫ್ ಮಾಡಿ ಕೊಡುತ್ತವೆ. ನಮ್ಮ ಯಂತ್ರದಲ್ಲಿ ಹೇಗಿದೆಯೆಂದು ಸಿಸ್ಟಂಡಿಯಲ್ಲಿ ಲಾಗಿನ್‌ಗಳನ್ನು ನೋಡಿಕೊಳ್ಳುವ ಲಾಗಿನ್‌ಡಿಯ ಕಾನ್ಫಿಗ್ ಫೈಲ್ ತೆರೆದು ನೋಡಿಕೊಂಡ ಮೇಲೆಯೇ ಹಾಗೆ ಹೇಳಿದ್ದು.